ಕಪ್ಪು ಹಲಗೆ ಮತ್ತು 163 ಮೆಸೇಜುಗಳು

ಮೊಮ್ಮಗನ ಶಾಲೆಯ ವಾಟ್ಸಾಪ್ ಗ್ರೂಪಿಗೆ ನನ್ನನ್ನು ಸೇರಿಸಿದ್ದು ಮಗಳು. ಅವಳಿಗೆ ದಿನವಿಡೀ ಆಫೀಸಿನಲ್ಲಿ ಮೀಟಿಂಗು, ಅಳಿಯನಿಗೆ ತಿಂಗಳಲ್ಲಿ ಅರ್ಧ ದಿನ ಟೂರು. "ಅಪ್ಪಾ, ನೀವು ಸ್ವಲ್ಪ ನೋಡ್ತಾ ಇರಿ, ಮುಖ್ಯವಾದ್ದು ಏನಾದ್ರೂ ಬಂದ್ರೆ ಹೇಳಿ" ಅಂದಳು. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಸರ್ಕ್ಯುಲರ್ ಓದಿ ಓದಿ ಕಣ್ಣು ಹಾಳು ಮಾಡಿಕೊಂಡವನು ನಾನು. ಇದೇನು ಮಹಾ ಅಂತ ಒಪ್ಪಿಕೊಂಡೆ.

2025ರ ಜುಲೈ ತಿಂಗಳ ಮೆಸೇಜುಗಳನ್ನು ಆಮೇಲೆ ನಾನು ಕೂತು ಎಣಿಸಿದ್ದೇನೆ. ಒಟ್ಟು 163. ಅದರಲ್ಲಿ ಬಣ್ಣದ ಉಡುಪಿನ ದಿನದ ಬಗ್ಗೆ 14, ಗುರುಪೂರ್ಣಿಮೆಯ ಫೋಟೋಗಳು 22, ಫೀ ಕಟ್ಟಲು ಕೊನೆಯ ದಿನಾಂಕದ ಬಗ್ಗೆ 6, ಡಬ್ಬಿಗೆ ಮ್ಯಾಗಿ ಹಾಕಬೇಡಿ ಅಂತ 3, ಉಳಿದದ್ದು ಬಹುತೇಕ "ಥ್ಯಾಂಕ್ಯೂ ಮ್ಯಾಮ್" ಮತ್ತು ಕೈಮುಗಿಯುವ ಚಿತ್ರ. ಒಂದನೇ ಕ್ಲಾಸಿನಲ್ಲಿ ಸೀತಾಳೆ ಸಿಡುಬು, ಅದೇ ಚಿಕನ್ ಪಾಕ್ಸ್, ಹರಡ್ತಾ ಇದೆ ಅನ್ನುವ ಮೆಸೇಜು ಒಂದೂ ಇಲ್ಲ. ಸೊನ್ನೆ.

ಮೊದಲ ಮಗುವಿಗೆ ಬಂದದ್ದು ಜುಲೈ 7ರಂದು. ಆ ಮಗುವಿನ ತಾಯಿ ಅವತ್ತೇ ಡಾಕ್ಟರ ಚೀಟಿಯ ಫೋಟೋ ತೆಗೆದು ಕ್ಲಾಸ್ ಟೀಚರಿಗೆ ಕಳಿಸಿದ್ದಾಳೆ. ಟೀಚರು ಮೇಲಿನವರಿಗೆ ಹೇಳಿದ್ದಾರೆ. ಮೇಲಿನವರು ಅದನ್ನು ಅಲ್ಲೇ ಇಟ್ಟುಕೊಂಡಿದ್ದಾರೆ. 18ರ ಹೊತ್ತಿಗೆ ಇನ್ನೂ ಇಬ್ಬರು. 23ರ ಬುಧವಾರ ಬೆಳಿಗ್ಗೆ ನಮ್ಮ ಹುಡುಗ ಹೊಟ್ಟೆ ತುರಿಸಿಕೊಳ್ತಾ ಎದ್ದ. ಅಂಗಿ ಎತ್ತಿ ನೋಡಿದರೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು.

ಇದರಲ್ಲೇನು ದೊಡ್ಡ ವಿಷಯ, ಮಕ್ಕಳಿಗೆ ಬರೋದೇ, ಒಂದು ವಾರ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರೆ ಹೋಗ್ತದೆ ಅಂತ ನೀವು ಹೇಳಬಹುದು. ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮಗಳು ಆಗ ಎರಡನೇ ಬಾರಿ ಬಸುರಿ, ನಾಲ್ಕೂವರೆ ತಿಂಗಳು. ಹಿಂದಿನ ನಾಲ್ಕು ರಾತ್ರಿಯೂ ಹುಡುಗ ಅವಳ ಪಕ್ಕದಲ್ಲೇ ಮಲಗಿದ್ದ.

ಬಸುರಿಯರಿಗೆ ಇದು ಬಂದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಬೇರೆಯವರಿಗಿಂತ ಜಾಸ್ತಿ, ಮೊದಲ ಇಪ್ಪತ್ತು ವಾರದೊಳಗೆ ಬಂದರೆ ಅಪರೂಪಕ್ಕಾದರೂ ಹೊಟ್ಟೆಯ ಮಗುವಿಗೂ ತೊಂದರೆ ಆಗಬಹುದು. ಇದನ್ನೆಲ್ಲ ಅವತ್ತು ಮಧ್ಯಾಹ್ನ ಡಾಕ್ಟರು ನಮಗೆ ಸಮಾಧಾನವಾಗಿಯೇ ಹೇಳಿದರು. "ಚಿಕ್ಕವಳಿದ್ದಾಗ ನಿಮಗೆ ಬಂದಿತ್ತಾ?" ಅಂತ ಕೇಳಿದರು. ಒಮ್ಮೆ ಬಂದಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಮಗಳು ನನ್ನ ಮುಖ ನೋಡಿದಳು, ನಾನು ಹೆಂಡತಿಯ ಮುಖ ನೋಡಿದೆ. 2001ರ ಬೇಸಿಗೆ ರಜೆಯಲ್ಲಿ ಕುಂದಾಪುರದ ಅಜ್ಜಿಮನೆಯಲ್ಲಿ ಮಕ್ಕಳಿಗೆಲ್ಲ ಅಮ್ಮ ಆಗಿತ್ತು, ಅದು ನೆನಪಿದೆ. ಆದರೆ ಇವಳಿಗೆ ಬಂದಿತ್ತೋ, ನನ್ನ ತಂಗಿಯ ಮಕ್ಕಳಿಗೆ ಮಾತ್ರ ಬಂದು ಇವಳನ್ನು ಬೇಗ ಮುಂಬೈಗೆ ಕಳಿಸಿಬಿಟ್ಟರೋ, ಇಬ್ಬರಿಗೂ ಖಾತ್ರಿ ಇಲ್ಲ. ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಕೇಳೋದು ಯಾರನ್ನು? ತಂಗಿಗೆ ಫೋನ್ ಮಾಡಿದರೆ "ಬಂದಿತ್ತು ಅಂತ ಕಾಣ್ತದೆ ಅಣ್ಣಾ" ಅಂದಳು. ಕಾಣ್ತದೆ ಅಂದರೆ ಸಾಲದು ಮಾರಾಯ್ರೆ.

ರಕ್ತಪರೀಕ್ಷೆಗೆ ಕೊಟ್ಟೆವು. ರಿಪೋರ್ಟು ಬರಲು ಎರಡು ದಿನ. ರಕ್ಷಣೆ ಇಲ್ಲ ಅಂತ ಬಂದರೆ ಒಂದು ಇಂಜೆಕ್ಷನ್ ಕೊಡಬೇಕು, ಸೋಂಕಿನ ಸಂಪರ್ಕವಾದ ಹತ್ತು ದಿನದೊಳಗೆ, ಬೇಗ ಕೊಟ್ಟಷ್ಟೂ ಒಳ್ಳೆಯದು, ಅದು ಎಲ್ಲ ಕಡೆ ಸ್ಟಾಕ್ ಇರೋದಿಲ್ಲ, ಈಗಲೇ ವಿಚಾರಿಸಿಡಿ ಅಂದರು. ಆ ಎರಡು ದಿನ ನಾನು ಬ್ಯಾಂಕಿನಲ್ಲಿ ಯಾವ ವೋಚರಿಗೆ ಸಹಿ ಮಾಡಿದೆನೋ ದೇವರಿಗೇ ಗೊತ್ತು.

ರಿಪೋರ್ಟು ಬಂತು. ಅವಳಿಗೆ ಹಿಂದೆ ಬಂದುಹೋಗಿತ್ತು, ರಕ್ಷಣೆ ಇತ್ತು. ಹುಡುಗನೂ ಹತ್ತು ದಿನದಲ್ಲಿ ಸರಿಹೋದ. ಹಾಗಾಗಿ ಈ ಕಥೆಯಲ್ಲಿ ಅನಾಹುತ ಏನೂ ಆಗಲಿಲ್ಲ. ಆದರೂ ಯಾಕೆ ಬರೀತಾ ಇದ್ದೇನೆ ಅಂದರೆ, ಡಾಕ್ಟರು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ರೋಗಿಯ ಸಂಪರ್ಕವಾದ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿದರೆ ಈ ರೋಗವನ್ನು ತಡೆಯಬಹುದು, ಅಥವಾ ತೀರಾ ಹಗುರಾಗಿ ಹೋಗ್ತದಂತೆ. ಜುಲೈ 7ರ ಸಂಜೆ ಒಂದೇ ಒಂದು ಸಾಲು ಗ್ರೂಪಿಗೆ ಬಂದಿದ್ದರೆ 8ರಂದು ನಾನೇ ಹುಡುಗನನ್ನು ಕರಕೊಂಡು ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಮಗಳ ರಕ್ತಪರೀಕ್ಷೆಯೂ ಗಾಬರಿಯಿಲ್ಲದೆ ಮುಗಿಯುತ್ತಿತ್ತು.

ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡೋದಿಲ್ಲ. ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ಹಾಕಿಸಬೇಕು. ಮೊದಲ ಡೋಸು ಹದಿನೈದು ತಿಂಗಳಿಗೆ. ನಮ್ಮ ಹುಡುಗ ಹುಟ್ಟಿದ್ದು 2019ರ ಜನವರಿ. ಹದಿನೈದು ತಿಂಗಳು ಅಂದರೆ 2020ರ ಏಪ್ರಿಲ್. ಆಗ ಲಾಕ್‌ಡೌನು, ಡಾಕ್ಟರ ಕ್ಲಿನಿಕ್ಕಿಗೆ ಬೀಗ. ಆಮೇಲೆ ಹಾಕಿಸಿದರಾಯ್ತು ಅಂದುಕೊಂಡದ್ದು ಮರೆತೇ ಹೋಯ್ತು. ಲಾಕ್‌ಡೌನ್ ಮಕ್ಕಳು ಎಷ್ಟೋ ಜನರ ಕಾರ್ಡಿನಲ್ಲಿ ಇಂಥ ಖಾಲಿ ಮನೆಗಳಿರಬಹುದು. ಓದುವವರಲ್ಲಿ ಯಾರಿಗಾದರೂ ಆ ವಯಸ್ಸಿನ ಮಕ್ಕಳು, ಮೊಮ್ಮಕ್ಕಳು ಇದ್ದರೆ ಇವತ್ತು ಕಾರ್ಡು ತೆಗೆದು ನೋಡಿ.

ಪ್ರಿನ್ಸಿಪಾಲರನ್ನು ನೋಡಲು ಹೋದೆ. ಕಾಫಿ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. "ಸರ್, ಹೇಳಿದ್ದರೆ ಪೇರೆಂಟ್ಸ್ ಪ್ಯಾನಿಕ್ ಆಗ್ತಾರೆ. ಅರ್ಧ ಕ್ಲಾಸು ಖಾಲಿಯಾಗ್ತದೆ. ಯೂನಿಟ್ ಟೆಸ್ಟ್ ಬೇರೆ ಇತ್ತು" ಅಂದರು. ನಮ್ಮ ಶಾಲೆಯಷ್ಟು ಮಾಹಿತಿ ಕೊಡುವ ಶಾಲೆ ಈ ಏರಿಯಾದಲ್ಲೇ ಇಲ್ಲ, ಆ್ಯಪ್ ಇದೆ, ಗ್ರೂಪ್ ಇದೆ, ತಿಂಗಳಿಗೊಂದು ನ್ಯೂಸ್‌ಲೆಟರ್ ಇದೆ ಅಂತಲೂ ಸೇರಿಸಿದರು. ಅದು ಸುಳ್ಳಲ್ಲ. ಎಲ್ಲವೂ ಇದೆ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದರೆ, 90 ದಿನ ಕಂತು ಬರದೇ ಇದ್ದರೆ ಆ ಸಾಲವನ್ನು ಎನ್‌ಪಿಎ ಅಂತ ತೋರಿಸಲೇಬೇಕು. ತೋರಿಸಲು ಯಾವ ಮ್ಯಾನೇಜರಿಗೂ ಇಷ್ಟವಿರೋದಿಲ್ಲ. ಬ್ರಾಂಚಿಗೆ ಕೆಟ್ಟ ಹೆಸರು, ಪ್ರೊಮೋಶನ್ನಿಗೆ ಕಲ್ಲು. ಹಾಗಾಗಿ ಕೆಲವರು ಅದೇ ಗಿರಾಕಿಗೆ ಇನ್ನೊಂದು ಸಾಲ ಕೊಟ್ಟು ಹಳೆಯ ಕಂತನ್ನು ತುಂಬಿಸಿ ಎಲ್ಲ ಹಸಿರಾಗಿದೆ ಅಂತ ತೋರಿಸ್ತಾರೆ. ಮೂರು ತಿಂಗಳು ಚೆನ್ನಾಗಿ ಕಾಣ್ತದೆ. ಆಮೇಲೆ ಇಡೀ ಬ್ರಾಂಚು ಮುಳುಗ್ತದೆ. ಫೋಟೋ ಕಳಿಸಿ ಕಳಿಸಿ ಸಿಡುಬಿನ ಸುದ್ದಿಯನ್ನು ಮುಚ್ಚೋದೂ ಇದೇ ಜಾತಿಯ ಕೆಲಸ ಅಂತ ಅವರಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಕಾಫಿ ಕುಡಿದು ಬಂದೆ.

ಬರುವಾಗ ದಾರಿಯಲ್ಲಿ ನೆನಪಾದದ್ದು 2005ರ ಜುಲೈ 26.

ಆಗ ಈ ಮಗಳು ನಾಲ್ಕನೇ ಕ್ಲಾಸು. ಕುರ್ಲಾ ಪೂರ್ವದಲ್ಲಿ ನಮ್ಮ ಬಾಡಿಗೆ ಮನೆ, ಅಲ್ಲೇ ಹತ್ತಿರದಲ್ಲಿ ಶಾಲೆ. ನಾನು ಫೋರ್ಟಿನಲ್ಲಿದ್ದೆ. ಅವತ್ತಿನ ವಿಚಿತ್ರ ಏನಂದರೆ, ದಕ್ಷಿಣ ಮುಂಬೈಯಲ್ಲಿ ಕೂತವರಿಗೆ ಉಪನಗರದಲ್ಲಿ ಏನಾಗ್ತಾ ಇದೆ ಅಂತಲೇ ಗೊತ್ತಾಗಲಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ, ಕೊಲಾಬಾದಲ್ಲಿ ಬರೀ 73. ನಾವು ಕಿಟಕಿಯಿಂದ ನೋಡಿ "ಮಾಮೂಲಿ ಮಳೆ" ಅಂತ ಚಹಾ ಕುಡಿಯುತ್ತಿದ್ದೆವು. ನಾಲ್ಕು ಗಂಟೆಗೆ ಹೊರಟರೆ ಲೋಕಲ್ ಬಂದ್. ಫೋನು ಸತ್ತಿದೆ. ನಡೆಯಲು ಶುರು ಮಾಡಿದೆ. ಪರೇಲ್, ದಾದರ್ ದಾಟುವವರೆಗೆ ಪರವಾಗಿಲ್ಲ, ಸಯನ್ ಹತ್ತಿರ ಎದೆಮಟ್ಟದ ನೀರು. ಅಪರಿಚಿತರು ಕೈಕೈ ಹಿಡಿದುಕೊಂಡು ಸಾಲಾಗಿ ಹೋಗುತ್ತಿದ್ದರು, ನಾನೂ ಯಾರದ್ದೋ ಕೈ ಹಿಡಿದುಕೊಂಡೆ. ಮನೆಯಲ್ಲಿ ಹೆಂಡತಿ ಎರಡು ವರ್ಷದ ಮಗನನ್ನು ಎತ್ತಿಕೊಂಡು ಮೇಲಿನ ಮಹಡಿಯವರ ಮನೆಗೆ ಹೋಗಿದ್ದಳಂತೆ, ಅದು ನನಗೆ ಗೊತ್ತಾದದ್ದು ಮರುದಿನ.

ಶಾಲೆಯ ಗೇಟು ಮುಟ್ಟಿದಾಗ ರಾತ್ರಿ ಹನ್ನೊಂದೂವರೆ ಕಳೆದಿತ್ತು. ಕರೆಂಟಿಲ್ಲ. ಮೆಟ್ಟಿಲ ಮೇಲಿನ ಒಣ ಜಾಗದಲ್ಲಿ ಒಂದು ಕಪ್ಪು ಹಲಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಕಂದೀಲು ಇಟ್ಟಿದ್ದರು. ಹಲಗೆಯ ಮೇಲೆ ಮರಾಠಿಯಲ್ಲಿ, ಅದರ ಕೆಳಗೆ ಹಿಂದಿಯಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದರು. ಒಳಗಿರುವ ಮಕ್ಕಳು 64. ಎಲ್ಲರೂ ಮೊದಲ ಮಹಡಿಯಲ್ಲಿದ್ದಾರೆ. ಎಂಟು ಗಂಟೆಗೆ ಖಿಚಡಿ ಕೊಡಲಾಗಿದೆ. ಕುಡಿಯುವ ನೀರಿದೆ. ಹೋದ ಮಕ್ಕಳು ಯಾರ ಜೊತೆ ಎಷ್ಟು ಗಂಟೆಗೆ ಹೋದರು ಅನ್ನುವ ಪಟ್ಟಿ. ಕೊನೆಯಲ್ಲಿ ಒಂದು ಸಾಲು: ನಾಲ್ಕನೇ 'ಬ' ವರ್ಗದ ಒಬ್ಬ ಹುಡುಗಿ ಮೆಟ್ಟಿಲಲ್ಲಿ ಜಾರಿ ಗದ್ದಕ್ಕೆ ಗಾಯ ಮಾಡಿಕೊಂಡಿದ್ದಾಳೆ, ಪಟ್ಟಿ ಕಟ್ಟಿದೆ, ಈಗ ಮಲಗಿದ್ದಾಳೆ.

ನನ್ನ ಮಗಳು ನಾಲ್ಕನೇ 'ಬ'. ಓದುವಾಗಲೇ ಅದು ಅವಳೇ ಅಂತ ನನಗೆ ಗೊತ್ತಾಯ್ತು. ಅವಳೇ ಆಗಿದ್ದಳು. ಗದ್ದದ ಮೇಲಿನ ಗೆರೆ ಇವತ್ತಿಗೂ ಇದೆ.

ಆ ಕೊನೆಯ ಸಾಲನ್ನು ಓದಿ ನನಗೆ ಗಾಬರಿಯಾಗಬೇಕಿತ್ತಲ್ಲ? ಆಗಲಿಲ್ಲ. ಒಂದು ಗಾಯವನ್ನೂ ಮುಚ್ಚಿಡದೆ ಬರೆದವರು, ಉಳಿದ 63 ಮಕ್ಕಳ ಬಗ್ಗೆಯೂ ಸುಳ್ಳು ಬರೆದಿರಲಾರರು ಅನ್ನಿಸಿತು. ಕಾಲಿನ ಶಕ್ತಿಯೆಲ್ಲ ಇಳಿದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಲಗೆ ಬರೆದ ಬಾಯಿ, ನಮ್ಮ ಮುಂಬೈಯಲ್ಲಿ ಟೀಚರಿಗೆ ಬಾಯಿ ಅಂತಾರೆ, ಐವತ್ತು ದಾಟಿದ ಹೆಂಗಸು. ಅವರ ಸ್ವಂತ ಮನೆ ಏನಾಗಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಪ್ರತಿ ಗಂಟೆಗೂ ಕೆಳಗಿಳಿದು ಬಂದು ಒದ್ದೆ ಬಟ್ಟೆಯಲ್ಲಿ ಸಂಖ್ಯೆ ಒರೆಸಿ ಹೊಸದು ಬರೆಯುತ್ತಿದ್ದರು. ನಾನು ಮಗಳನ್ನು ಕರೆದುಕೊಳ್ಳಲು ಹೋದಾಗ 64 ಒರೆಸಿ 63 ಮಾಡಿದರು, ನನ್ನ ಹೆಸರು, ಹೊತ್ತು ಬರೆದು ಸಹಿ ಹಾಕಿಸಿಕೊಂಡರು. ಆದರೆ ಕತ್ತಲಲ್ಲಿ ಆ ನೀರಿನಲ್ಲಿ ಕರಕೊಂಡು ಹೋಗಬೇಡಿ, ಇಲ್ಲೇ ಮಲಗಿ ಅಂದರು. ಮತ್ತೆ 63 ಒರೆಸಿ 64. ಅವತ್ತು ರಾತ್ರಿ ಒಂದನೇ ಕ್ಲಾಸಿನ ಬೆಂಚುಗಳ ನಡುವೆ ಮಲಗಿದೆ.

ಗಾಬರಿಯ ವಿಷಯಕ್ಕೆ ಬಂದರೆ, ಅದೇ ವಾರ ನಡೆದ ಇನ್ನೊಂದು ಘಟನೆಯನ್ನೂ ಹೇಳಬೇಕು. ಜುಲೈ 28ರ ರಾತ್ರಿ ಜುಹು ಕಡೆಯ ನೆಹರು ನಗರದ ಜೋಪಡಿಗಳಲ್ಲಿ ಅಣೆಕಟ್ಟು ಒಡೆದಿದೆ, ಸುನಾಮಿ ಬರ್ತಾ ಇದೆ ಅಂತ ಗುಲ್ಲೆದ್ದು ಕಾಲ್ತುಳಿತವಾಗಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಮಕ್ಕಳೂ ಇದ್ದರು. ಯಾವ ಅಣೆಕಟ್ಟೂ ಒಡೆದಿರಲಿಲ್ಲ. ಆ ಜನರಿಗೆ ಯಾರೋ ಕೆಟ್ಟ ಸುದ್ದಿ ತಿಳಿಸಿದ್ದರಿಂದ ಆದ ಗಾಬರಿಯಲ್ಲ ಅದು. ಎರಡು ದಿನ ಯಾರೂ ಏನೂ ತಿಳಿಸದೆ ಇದ್ದ ಜಾಗಕ್ಕೆ ಗುಲ್ಲು ಬಂದು ಕೂತಿತು. ಗಾಬರಿಯಾಗ್ತಾರೆ ಅಂತ ಸುದ್ದಿ ಮುಚ್ಚಿಡುವವರನ್ನು ಕಂಡಾಗೆಲ್ಲ ನನಗೆ ನೆಹರು ನಗರ ನೆನಪಾಗ್ತದೆ.

ಇದು ಬರೀ ಸಿಡುಬಿನ ಮಾತಲ್ಲ. 2024ರ ಆಗಸ್ಟಿನಲ್ಲಿ ಬದಲಾಪುರದ ಒಂದು ಶಾಲೆಯಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಶಾಲೆಯ ಸ್ವಚ್ಛತಾ ಕೆಲಸದವನಿಂದ ಲೈಂಗಿಕ ದೌರ್ಜನ್ಯವಾದ ಪ್ರಕರಣ ನಿಮಗೆ ನೆನಪಿರಬಹುದು. ಪೋಷಕರು ದೂರು ಕೊಡಲು ಗಂಟೆಗಟ್ಟಲೆ ಕಾಯಬೇಕಾಯ್ತು. ಆಗಸ್ಟ್ 20ರಂದು ಜನ ಹಳಿಯ ಮೇಲೆ ಕೂತು ಲೋಕಲ್ ನಿಲ್ಲಿಸಿದರು. ನಮ್ಮ ಬ್ರಾಂಚಿನ ಇಬ್ಬರು ಅವತ್ತು ಕೆಲಸಕ್ಕೇ ಬರಲಾಗಲಿಲ್ಲ. ಬಾಂಬೆ ಹೈಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಗೊತ್ತಾದ ಮೇಲೂ ಪೊಲೀಸರಿಗೆ ತಿಳಿಸಲಿಲ್ಲ ಅಂತ ಶಾಲೆಯ ಆಡಳಿತದವರ ಮೇಲೂ ಕೇಸಾಯ್ತು. 2012ರ ಪೋಕ್ಸೋ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಇಂಥದ್ದು ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಸಂಸ್ಥೆಯ ಮುಖ್ಯಸ್ಥರು ಹೇಳದೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸಿಡುಬು ಎಲ್ಲಿ, ಇದು ಎಲ್ಲಿ ಅನ್ನಬೇಡಿ. ಮುಚ್ಚಿಡುವ ಕೈ ಒಂದೇ. ಸಣ್ಣದರಲ್ಲಿ "ಶಾಲೆಯ ಹೆಸರು" ಅಂತ ಅಭ್ಯಾಸ ಮಾಡಿಕೊಂಡವರು ದೊಡ್ಡದು ಬಂದಾಗ ಬೇರೆಯವರಾಗಿಬಿಡೋದಿಲ್ಲ.

ಪೋಷಕರಿಗೆ ಹೇಳುವ ಕೇಳುವ ಅಧಿಕಾರ ಕಾನೂನಿನಲ್ಲಿ ಇಲ್ಲವೇ ಅಂದರೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅನುದಾನವಿಲ್ಲದ ಖಾಸಗಿ ಶಾಲೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮಹಾರಾಷ್ಟ್ರದಲ್ಲಿ ಪಿಟಿಎ ಕಡ್ಡಾಯ ಮಾಡಿದ್ದು 2011ರ ಫೀ ನಿಯಂತ್ರಣದ ಕಾಯ್ದೆ. ಹಾಗಾಗಿ ಪಿಟಿಎ ಮೀಟಿಂಗಿಗೆ ಹೋದರೆ ಎರಡು ಗಂಟೆ ಫೀ ವಿಷಯವೇ. ಮಕ್ಕಳ ವಿಷಯಕ್ಕೆ ಬರುವಷ್ಟರಲ್ಲಿ ಸಮೋಸ ಬಂದಿರ್ತದೆ.

ಇನ್ನು ಭಾಷೆ. ನಮ್ಮ ಮನೆಗೆ ಕೆಲಸಕ್ಕೆ ಬರುವವಳು ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸ. ಮಗ ಮಹಾನಗರಪಾಲಿಕೆಯ ಶಾಲೆಯಲ್ಲಿ ಮೂರನೇ ಕ್ಲಾಸು. ಮುಂಬೈ ಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸ್ತದೆ, ಇದು ಬಹಳ ದೊಡ್ಡ ಮಾತು, ಆದರೆ ಇವಳ ಮನೆಯ ಹತ್ತಿರ ಇರುವುದು ಮರಾಠಿ ಶಾಲೆ. ಒಂದು ದಿನ ಮಡಚಿದ ಕಾಗದ ತಂದು "ಅಣ್ಣಾರ, ಇದ್ರಾಗ ಏನ್ ಬರದಾರ್ರಿ?" ಅಂದಳು. ಹೊಟ್ಟೆಹುಳುವಿನ ಮಾತ್ರೆಯ ನೋಟಿಸು. 2015ರಲ್ಲಿ ಶುರುವಾಗಿ ಈಗ ದೇಶದಾದ್ಯಂತ ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್. ಕಾಗದದ ದಿನಾಂಕ ನೋಡಿದರೆ ಮಾತ್ರೆ ಕೊಟ್ಟು ಐದು ದಿನ ಆಗಿತ್ತು. ಅವತ್ತು ಇವಳು ಮಗನನ್ನು ಶಾಲೆಗೇ ಕಳಿಸಿರಲಿಲ್ಲ. ಶಾಲೆಯಲ್ಲಿ ಏನೋ ಮಾತ್ರೆ ತಿನ್ನಿಸ್ತಾರೆ, ತಿಂದವರು ಸಾಯ್ತಾರೆ ಅಂತ ಚಾಳಿನಲ್ಲಿ ಯಾರೋ ಅಂದಿದ್ದರಂತೆ. ಅವಳನ್ನು ದಡ್ಡಿ ಅನ್ನಲು ನನಗೆ ಬಾಯಿ ಬರಲಿಲ್ಲ. 2013ರ ಜುಲೈಯಲ್ಲಿ ಬಿಹಾರದ ಛಾಪ್ರಾ ಹತ್ತಿರದ ಶಾಲೆಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ತಿಂದು 23 ಮಕ್ಕಳು ಸತ್ತದ್ದನ್ನು ಅವಳೂ ಟಿವಿಯಲ್ಲಿ ನೋಡಿದ್ದಾಳೆ. ಶಾಲೆ ತನ್ನ ಕರ್ತವ್ಯ ಮಾಡಿದೆ, ನೋಟಿಸು ಕಳಿಸಿದೆ, ದಾಖಲೆಯಲ್ಲಿ ಟಿಕ್ ಬಿದ್ದಿದೆ. ಅವಳಿಗೆ ಮಾತ್ರ ಏನೂ ತಲುಪಿಲ್ಲ. ಎರಡು ನಿಮಿಷ ಕೂರಿಸಿ ಕನ್ನಡದಲ್ಲಿ ಹೇಳಿದೆ, ಅಗಿದು ತಿನ್ನುವ ಮಾತ್ರೆ, ಹುಳು ಜಾಸ್ತಿ ಇದ್ದರೆ ಸ್ವಲ್ಪ ಹೊಟ್ಟೆ ತೊಳಸಬಹುದು, ಅಷ್ಟೇ ಅಂತ. ಬಿಟ್ಟುಹೋದ ಮಕ್ಕಳಿಗೆ ಇನ್ನೊಂದು ದಿನ ಕೊಡ್ತಾರೆ, ಶಾಲೆಯಲ್ಲಿ ಕೇಳು ಅಂದೆ. ಮುಂದಿನ ಸಲ ತಪ್ಪಿಸಲಿಲ್ಲ.

2018ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಶುರುವಾದಾಗಲೂ ಹೀಗೇ ಗುಲ್ಲುಗಳು ಓಡಾಡಿದ್ದವು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಇದೇ ಅಭಿಯಾನ ನಡೆದಾಗ ಊರಿನಿಂದ ನನಗೇ ಎರಡು ಫಾರ್ವರ್ಡ್ ಬಂದಿದ್ದವು. 2019ರ ಜನವರಿಯಲ್ಲಿ ದಿಲ್ಲಿ ಹೈಕೋರ್ಟು ಪೋಷಕರ ಒಪ್ಪಿಗೆ ಇಲ್ಲದೆ ಶಾಲೆಯಲ್ಲಿ ಈ ಲಸಿಕೆ ಹಾಕುವಂತಿಲ್ಲ, ಅದರ ಒಳಿತು ಕೆಡುಕು ಎರಡನ್ನೂ ಅವರಿಗೆ ತಿಳಿಸಬೇಕು ಅಂತ ಹೇಳಿತು. ಲಸಿಕೆ ಒಳ್ಳೆಯದೇ, ನನಗೆ ಅನುಮಾನವಿಲ್ಲ. 2022ರ ಕೊನೆಯಲ್ಲಿ ನಮ್ಮ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತಾಗ ಲಸಿಕೆ ತಪ್ಪಿದರೆ ಏನಾಗ್ತದೆ ಅಂತ ಕಣ್ಣಾರೆ ಕಂಡಿದ್ದೇವೆ. ಆಗ ಪಾಲಿಕೆಯ ಆರೋಗ್ಯ ಸೇವಕಿಯರು ಮನೆ ಮನೆ ಬಾಗಿಲಿಗೆ ಹೋಗಿ ಹೇಳಬೇಕಾಯ್ತು. ಬಾಗಿಲಿಗೆ ಬಂದು, ಅವರ ಮಾತಿನಲ್ಲಿ, ಪ್ರಶ್ನೆ ಕೇಳಲು ಬಿಟ್ಟು ಹೇಳಿದರೆ ಜನ ಒಪ್ಪುತ್ತಾರೆ. ನೋಟಿಸಿಗೆ ಪ್ರಶ್ನೆ ಕೇಳಲಾಗೋದಿಲ್ಲವಲ್ಲ.

ಇಷ್ಟೆಲ್ಲ ಬರೆದ ಮೇಲೆ ನಾನು ಮಾಡಿದ ಒಂದು ಕೆಲಸವನ್ನೂ ಬರೆಯದಿದ್ದರೆ ನಾನೂ ಆ ಪ್ರಿನ್ಸಿಪಾಲರ ಹಾಗೇ ಆಗ್ತೇನೆ.

ಜುಲೈ 23ರ ಸಂಜೆ, ರಕ್ತಕ್ಕೆ ಕೊಟ್ಟು ಬಂದ ಸಿಟ್ಟಿನಲ್ಲಿ ಗ್ರೂಪಿನಲ್ಲಿ ಬರೆದೆ. "ಕ್ಲಾಸಿನಲ್ಲಿ ಚಿಕನ್ ಪಾಕ್ಸ್ ಇದೆ. ಖಾಯಿಲೆಯ ಮಗುವನ್ನು ಶಾಲೆಗೆ ಕಳಿಸಿ ಎಲ್ಲರಿಗೂ ಹರಡಿಸಿದ ಬೇಜವಾಬ್ದಾರಿ ಪೋಷಕರು ಯಾರು?" ಅಂತ. ಹತ್ತೇ ನಿಮಿಷ. ಯಾರೋ ಒಬ್ಬರು "ರೋಲ್ ನಂಬರ್ ಇಂಥದ್ದು ಎರಡು ವಾರ ಬಂದಿಲ್ಲವಲ್ಲ" ಅಂದರು. ಇನ್ನೊಬ್ಬರು ಹೆಸರೇ ಹಾಕಿದರು. ಮತ್ತೊಬ್ಬರು ಅವರು ಎಲ್ಲಿಯವರು, ಯಾವ ಜನ, ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ ಅಂತೆಲ್ಲ ಶುರು ಮಾಡಿದರು. ಆ ತಾಯಿ ಒಂದೇ ಒಂದು ಸಾಲು ಬರೆದಳು, "ನಾನು ಮೊದಲ ದಿನವೇ ಟೀಚರಿಗೆ ತಿಳಿಸಿದ್ದೇನೆ" ಅಂತ. ಆಮೇಲೆ ಗ್ರೂಪು ಬಿಟ್ಟು ಹೋದಳು.

ಮೈಮೇಲೆ ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಈ ರೋಗ ಹರಡಲು ಶುರುವಾಗ್ತದೆ. ಅಂದರೆ ಆ ತಾಯಿ ಗೊತ್ತಿದ್ದೂ ಕಳಿಸಿದವಳಲ್ಲ. ಗೊತ್ತಾದ ಕ್ಷಣವೇ ಹೇಳಿದವಳು. ಇಡೀ ಸರಪಳಿಯಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿದವಳು ಅವಳೊಬ್ಬಳೇ, ನಾವೆಲ್ಲ ಸೇರಿ ಕಲ್ಲು ಹೊಡೆದದ್ದು ಅವಳಿಗೇ. ಶುರು ಮಾಡಿದವನು ನಾನು. ಮುಂದಿನ ಸಲ ಯಾವ ತಾಯಿ ಶಾಲೆಗೆ ಹೇಳ್ತಾಳೆ, ಹೇಳಿ?

ಆದ್ದರಿಂದ ಪ್ರಿನ್ಸಿಪಾಲರು ಹೇಳಿದ ಗಾಬರಿಯ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಪೋಷಕರೆಂದರೆ ನಾವು ಏನು ಅಂತ ಅವತ್ತು ಕಂಡಿತಲ್ಲ. ಆದರೆ ಅದಕ್ಕೆ ಮದ್ದು ಸುಮ್ಮನಿರೋದಲ್ಲ. ಮೊದಲ ದಿನವೇ ಶಾಲೆಯೇ "ಒಂದನೇ ತರಗತಿಯಲ್ಲಿ ಒಂದು ಮಗುವಿಗೆ ಚಿಕನ್ ಪಾಕ್ಸ್. ಪೋಷಕರು ಕೂಡಲೇ ತಿಳಿಸಿದ್ದಾರೆ, ಅವರಿಗೆ ಕೃತಜ್ಞತೆ. ಲಸಿಕೆ ಆಗದ ಮಕ್ಕಳು, ಮನೆಯಲ್ಲಿ ಬಸುರಿಯರಿದ್ದರೆ ಇವತ್ತೇ ಡಾಕ್ಟರನ್ನು ಕೇಳಿ. ಗುಳ್ಳೆಗಳು ಒಣಗುವವರೆಗೆ ಮಗುವನ್ನು ಕಳಿಸಬೇಡಿ" ಅಂತ ಬರೆದಿದ್ದರೆ ಹೆಸರು ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಸಂಖ್ಯೆ ಬೇಕು, ಹೆಸರು ಬೇಡ. ಆ ಬಾಯಿಯ ಹಲಗೆಯ ಮೇಲೂ "ಒಬ್ಬ ಹುಡುಗಿ" ಅಂತಷ್ಟೇ ಇತ್ತು. ಈ ನಾಲ್ಕು ಸಾಲನ್ನು ಬೇರೆ ಒಂದು ಗ್ರೂಪಿನಲ್ಲಿ, ಯಾರೂ ಥ್ಯಾಂಕ್ಯೂ ಹಾಕಲಾಗದ ಗ್ರೂಪಿನಲ್ಲಿ, ಇಂಗ್ಲಿಷಿನ ಜೊತೆ ಮರಾಠಿ ಹಿಂದಿಯಲ್ಲೂ ಹಾಕಬೇಕು. ಓದಲು ಬಾರದವರಿಗೆ ಧ್ವನಿ ಮೆಸೇಜು ಇದೆಯಲ್ಲ. ಕಾಸಿನ ಖರ್ಚಿಲ್ಲ. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಶಾಲೆಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಬ್ಯಾಂಕಿನವನ ಬುದ್ಧಿ, ಅಕ್‌ನಾಲೆಜ್‌ಮೆಂಟ್ ಇಲ್ಲದೆ ಏನನ್ನೂ ಕೊಡೋದಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ದಿನ ಮೆಸೇಜು ಬಂತು. ಸೀನಿಯರ್ ಕೆಜಿಯಲ್ಲಿ ಎರಡು ಮಕ್ಕಳಿಗೆ ಕೈ-ಕಾಲು-ಬಾಯಿ ರೋಗ, ಲಕ್ಷಣಗಳು ಇವು, ಜ್ವರ ಇದ್ದರೆ ಕಳಿಸಬೇಡಿ ಅಂತ. ಇಂಗ್ಲಿಷಿನಲ್ಲಿ ಮಾತ್ರ. ಅದೇ ಹಳೆಯ ಗ್ರೂಪಿನಲ್ಲಿ. ಕೆಳಗೆ 31 ಥ್ಯಾಂಕ್ಯೂ ಮ್ಯಾಮ್. ಆದರೂ ಬಂತು. ಯಾವ ಪೋಷಕರೂ ಓಡಿಹೋಗಲಿಲ್ಲ, ಮೊಮ್ಮಗನ ಕ್ಲಾಸಿನಲ್ಲಿ ಮರುದಿನ ಎರಡೇ ಮಕ್ಕಳು ಗೈರು, ಅದೂ ಮದುವೆಗೆ ಹೋದವರು.

ಆ ತಾಯಿಯ ಮನೆ ಹುಡುಕಿಕೊಂಡು ನಾನು ಹೋಗಿದ್ದೆ. ಹೆಂಡತಿಯನ್ನೂ ಕರಕೊಂಡು. ಬಾಗಿಲು ಅರ್ಧ ತೆರೆದು ನಿಂತಳು. ಆ ಮೆಸೇಜು ಬರೆದವನು ನಾನೇ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಒಳಗೆ ಕರೆದು ಚಹಾ ಮಾಡಿದಳು. "ಮಗಳಿಗೆ ಏನೂ ಆಗಲಿಲ್ಲವಲ್ಲ?" ಅಂತ ಅವಳೇ ಮೊದಲು ಕೇಳಿದಳು. ಗ್ರೂಪಿಗೆ ಮತ್ತೆ ಬನ್ನಿ ಅಂದೆ. ಬೇಡ ಅಂಕಲ್ ಅಂದಳು. ಈಗ ಶಾಲೆಯಿಂದ ಏನಾದರೂ ಮುಖ್ಯವಾದ್ದು ಬಂದರೆ ನಾನೇ ಅವಳಿಗೆ ಪ್ರತ್ಯೇಕವಾಗಿ ಕಳಿಸ್ತೇನೆ. ಬಣ್ಣದ ಉಡುಪಿನದ್ದು ಕಳಿಸೋದಿಲ್ಲ.